ಸಕ್ಕರೆ ಕಾಯಿಲೆಯ ದಾಹಕ್ಕೆ ಗಿಡಮೂಲಿಕೆ: ಎಲ್ಲಿಯವರೆಗೆ?

ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತದೆ, ಚರ್ಮ ಬಿರಿದು ನವೆಯಾಗುತ್ತದೆ, ಇದಕ್ಕೆ ಗಿಡಮೂಲಿಕೆಯಲ್ಲಿ ಏನಾದರೂ ಇದೆಯೇ? ಮಧುಮೇಹವಿರುವವರು ಪದೇ ಪದೇ ಕೇಳುವ ಈ ಪ್ರಶ್ನೆಗೆ ಇದೆ ಎಂದೇ ನನ್ನ ಉತ್ತರ. ಆದರೆ ಮೂಲಿಕೆ ಯಾವ ಕೆಲಸ ಮಾಡುತ್ತದೆ, ಯಾವುದನ್ನು ಮಾಡಲಾರದು ಎಂಬುದನ್ನು ಬಿಡಿಸಿ ಹೇಳದೆ ಹಾಗೆ ಉತ್ತರಿಸುವುದು ತಪ್ಪಾಗುತ್ತದೆ. ನಾನೂ ಈ ಕಾಯಿಲೆಯೊಂದಿಗೆ ಬದುಕುತ್ತಿರುವುದರಿಂದ, ರಾತ್ರಿ ನಾಲ್ಕು ಬಾರಿ ಎದ್ದು ನೀರು ಕುಡಿಯುವುದು ಎಂತಹ ದಣಿವು ಎಂದು ಬಲ್ಲೆ.

ರಕ್ತದ ಸಕ್ಕರೆ ಪ್ರತಿ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ, ಸೋಸಿದ ಸಕ್ಕರೆಯನ್ನೆಲ್ಲ ಮರಳಿ ಹೀರಿಕೊಳ್ಳಲು ಮೂತ್ರಪಿಂಡಗಳಿಗೆ ಸಾಧ್ಯವಾಗುವುದಿಲ್ಲ. ಮಿಕ್ಕ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ದೇಹದ ನೀರನ್ನೂ ಸೆಳೆದೊಯ್ಯುತ್ತದೆ. ಆಗ ಗಟ್ಟಿಯಾಗುವ ರಕ್ತವನ್ನು ಗುರುತಿಸಿ ಮೆದುಳು ದಾಹವನ್ನು ಹುಟ್ಟಿಸುತ್ತದೆ. ಚರ್ಮ ಒಣಗುವುದಕ್ಕೆ ಈ ನೀರಿನ ನಷ್ಟವಲ್ಲದೆ ಇನ್ನೊಂದು ಕಾರಣವೂ ಇದೆ: ಬೆವರಿನ ಗ್ರಂಥಿಗಳನ್ನು ನಡೆಸುವ ಸಣ್ಣ ನರಗಳು ವರ್ಷಗಳ ಸಕ್ಕರೆಯಿಂದ ಹಾಳಾಗಿ, ಪಾದಗಳು ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಹಿಮ್ಮಡಿ ಒಡೆಯುವುದು ಹೆಚ್ಚಾಗಿ ಹೀಗೆಯೇ.

ಹಳೆಯ ವೈದ್ಯಪದ್ಧತಿಗಳು ಈ ದಾಹವನ್ನು ಬಹಳ ಹತ್ತಿರದಿಂದ ಕಂಡಿದ್ದವು. ಚೀನೀ ವೈದ್ಯದಲ್ಲಿ ಇಂತಹ ಲಕ್ಷಣಗಳ ರೋಗಕ್ಕೆ ‘ಶಿಯಾವೋಕೆ’ ಎಂಬ ಹೆಸರಿದೆ. ದೇಹ ಸವೆಯುವುದು ಮತ್ತು ದಾಹ ಎಂಬ ಎರಡೂ ಅರ್ಥ ಆ ಪದದಲ್ಲೇ ಸೇರಿವೆ. ಆಯುರ್ವೇದವು ಪ್ರಮೇಹವನ್ನು, ಅಂದರೆ ಮೂತ್ರ ಕೆಡುವ ರೋಗಗಳನ್ನು, 20 ಬಗೆಯಾಗಿ ವಿಂಗಡಿಸಿ ಮಧುಮೇಹವನ್ನು ಅವುಗಳಲ್ಲಿ ಒಂದಾಗಿ ಎಣಿಸಿತು. ಚರಕಸಂಹಿತೆಯಲ್ಲಿ ದಾಹ ತಣಿಸುವ 10 ದ್ರವ್ಯಗಳ ಗುಂಪೊಂದಿದೆ. ಶುಂಠಿ, ಭದ್ರಮುಷ್ಟಿ, ಚಂದನ, ಅಮೃತಬಳ್ಳಿ, ಕೊತ್ತಂಬರಿ ಬೀಜ ಅದರಲ್ಲಿ ಬರುತ್ತವೆ. ಆದರೆ ಆ ಗುಂಪು ಎಲ್ಲ ಬಗೆಯ ದಾಹಕ್ಕೆ ಹೇಳಿದ್ದೇ ಹೊರತು ಮಧುಮೇಹಕ್ಕೆಂದೇ ಹೇಳಿದ್ದಲ್ಲ. ಇದನ್ನು ಮರೆತು ಶ್ಲೋಕ ಉದ್ಧರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನನ್ನ ಅನುಭವದಲ್ಲಿ ಕೊತ್ತಂಬರಿ ಬೀಜ ಅಥವಾ ಲಾವಂಚದ ಬೇರು ಹಾಕಿ ಕುದಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿದರೆ ಬಾಯಿಗೆ ಹಿತವೆನಿಸುತ್ತದೆ, ನೆಲ್ಲಿಕಾಯಿಯ ಒಂದು ಚೂರು ಜೊಲ್ಲು ಊರಿಸುತ್ತದೆ. ಇವುಗಳ ದೊಡ್ಡ ಉಪಕಾರವೆಂದರೆ ಸಿಹಿ ಪಾನೀಯದ ಜಾಗವನ್ನು ಇವು ತುಂಬುವುದು. ದಾಹವೆಂದು ಹಣ್ಣಿನ ರಸ ಕುಡಿದರೆ ಸಕ್ಕರೆ ಇನ್ನೂ ಏರಿ ದಾಹ ಇಮ್ಮಡಿಯಾಗುತ್ತದೆ. ಮೆಂತ್ಯದ ದಾರಿ ಬೇರೆ. ಅದರ ಲೋಳೆಯಂತಹ ನಾರು ಕರುಳಿನಲ್ಲಿ ಸಕ್ಕರೆ ಹೀರಲ್ಪಡುವ ವೇಗವನ್ನು ತಗ್ಗಿಸುವುದರಿಂದ, ಅದು ದಾಹದ ಮೂಲಕ್ಕೇ ಸ್ವಲ್ಪ ಕೈಹಾಕುತ್ತದೆ. ಆ ಸ್ವಲ್ಪ ಎಷ್ಟೆಂದು ನಾಲಿಗೆ ಹೇಳಲಾರದು, ರಕ್ತಪರೀಕ್ಷೆಯೇ ಹೇಳಬೇಕು. ಕಷಾಯ ಕುಡಿದು ಬಾಯಿ ತಂಪಾಗಿ, ಸಕ್ಕರೆ 300ರಲ್ಲೇ ನಿಂತಿದ್ದರೆ, ಕೆಟ್ಟ ಸುದ್ದಿ ತಂದವನ ಬಾಯಿ ಮುಚ್ಚಿಸಿದಂತಾಗುತ್ತದೆ.

ಮೂಲಿಕೆಯಲ್ಲಿ ಸತ್ವವೇ ಇಲ್ಲ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಇಂದು ಮಧುಮೇಹಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್‌ನ ಚರಿತ್ರೆ ಗಲೇಗಾ ಎಂಬ ಯುರೋಪಿನ ಗಿಡದಿಂದ ಆರಂಭವಾಗುತ್ತದೆ. ಆ ಗಿಡದಲ್ಲಿದ್ದ ಗಲೇಜಿನ್ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷಕಾರಿಯಾಗಿತ್ತು. ಅದರ ರಾಸಾಯನಿಕ ಬಂಧುವಾದ ಮೆಟ್‌ಫಾರ್ಮಿನ್ 1922ರಲ್ಲಿ ತಯಾರಾಯಿತು, 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಗಿಡದ ಗುಣವನ್ನು ಅದರ ವಿಷದಿಂದ ಬೇರ್ಪಡಿಸಿ ಅಳತೆಗೆ ತರಲು ಅಷ್ಟು ದುಡಿಮೆ ಬೇಕಾಯಿತು.

ಆದ್ದರಿಂದಲೇ ‘ಗಿಡದ್ದು, ಅಪಾಯವಿಲ್ಲ’ ಎಂಬ ಮಾತು ನನಗೆ ಆತಂಕ ತರುತ್ತದೆ. ಬಾಯಿ ಒಣಗುವುದಕ್ಕೆ ಚೀಪುವ ಜ್ಯೇಷ್ಠಮಧುವನ್ನು ಹೆಚ್ಚು ಕಾಲ ಬಳಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಮಧುನಾಶಿನಿ, ಹಾಗಲದಂತಹವುಗಳನ್ನು ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ವೈದ್ಯರಿಗೆ ಹೇಳದೆ ಸೇರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಶುದ್ಧ ಮೂಲಿಕೆ ಎಂದು ಮಾರುವ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂತಹ ಸಕ್ಕರೆ ಇಳಿಸುವ ಮಾತ್ರೆಯ ಔಷಧವನ್ನು ಗುಟ್ಟಾಗಿ ಬೆರೆಸಿದ್ದೂ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ದಾಹದ ಜೊತೆಗೆ ವಾಂತಿ, ಏದುಸಿರು, ಮಂಪರು ಕಂಡರೆ ಕಷಾಯ ಕುದಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಚರ್ಮದ ವಿಷಯದಲ್ಲಿ ನಾನು ಹಳೆಯ ಪದ್ಧತಿಯ ಕಡೆಗೆ ಹೆಚ್ಚು ವಾಲುತ್ತೇನೆ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಮೈ ಇನ್ನೂ ಪಸೆಯಾಗಿರುವಾಗಲೇ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿದರೆ ತೇವ ಒಳಗೇ ನಿಲ್ಲುತ್ತದೆ, ನವೆಯೂ ತಗ್ಗುತ್ತದೆ. ಲೋಳೆಸರದ ತಿಳಿಯೂ ಹಿತವೇ, ಆದರೆ ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಬೇಕು. ಕಾಲ್ಬೆರಳುಗಳ ಸಂದಿಗೆ ಮಾತ್ರ ಏನನ್ನೂ ಹಚ್ಚಬಾರದು, ಅಲ್ಲಿ ಪಸೆ ನಿಂತರೆ ಬೂಷ್ಟು ಬೆಳೆಯುತ್ತದೆ. ಪಾದದ ಸ್ಪರ್ಶಜ್ಞಾನ ಕುಂದಿದವರು ಮೂಲಿಕೆ ಹಾಕಿದ ಬಿಸಿನೀರಿನಲ್ಲಿ ಕಾಲು ಅದ್ದುವುದನ್ನು ಬಿಟ್ಟುಬಿಡಲಿ; ಸುಟ್ಟದ್ದು ಅವರ ಅರಿವಿಗೆ ಬರುವುದು ಬೊಬ್ಬೆ ಎದ್ದ ಮೇಲೆಯೇ.