ಒಂದೇ ಕಚೇರಿ, ಎರಡು ಘೋಷಣೆ

2016ರ ಮೇ 21. ಅಮೆರಿಕದ ಹ್ಯೂಸ್ಟನ್ ನಗರದ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಒಂದಷ್ಟು ಜನ ಸೇರಿ, ಟೆಕ್ಸಾಸ್ ಮುಸ್ಲಿಮರ ಕೈಗೆ ಹೋಗಬಾರದು ಎಂದು ಕೂಗುತ್ತಿದ್ದರು. ಎದುರಿಗೆ ಇನ್ನೊಂದು ಗುಂಪು ಅವರ ವಿರುದ್ಧ ಕೂಗುತ್ತಿತ್ತು. ಮಧ್ಯೆ ಪೊಲೀಸರು. ಮೊದಲ ಗುಂಪನ್ನು ಕರೆದದ್ದು 'ಹಾರ್ಟ್ ಆಫ್ ಟೆಕ್ಸಾಸ್' ಅನ್ನುವ ಫೇಸ್‌ಬುಕ್ ಪೇಜ್. ಬಂದೂಕು ಇದ್ದರೆ ಅದನ್ನೂ ತನ್ನಿ ಎಂದು ಅದು ಹೇಳಿತ್ತು. ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗಕ್ಕೆ ಮುಸ್ಲಿಮರ ಪರವಾಗಿ ಬನ್ನಿ ಎಂದು ಕರೆದದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ' ಅನ್ನುವ ಪೇಜ್.

ಎರಡೂ ಪೇಜ್ ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಸಂಸ್ಥೆ. ಹೆಸರು ಇಂಟರ್ನೆಟ್ ರಿಸರ್ಚ್ ಏಜೆನ್ಸಿ, ಅಮೆರಿಕನ್ನರ ವೇಷದಲ್ಲಿ ಫೇಕ್ ಅಕೌಂಟ್ ನಡೆಸುವುದೇ ಅದರ ಕೆಲಸವಾಗಿತ್ತು. ಆಯೋಜಕರು ಅಂತ ಯಾರೂ ಅಲ್ಲಿಗೆ ಬಂದಿರಲಿಲ್ಲ, ಬರುವ ಪ್ರಶ್ನೆಯೇ ಇರಲಿಲ್ಲ. ಇಷ್ಟಕ್ಕೆ ಖರ್ಚಾಗಿದ್ದು ಸುಮಾರು 200 ಡಾಲರ್ ಎಂದು ಮರುವರ್ಷ ಅಮೆರಿಕದ ಸೆನೆಟ್‌ನ ವಿಚಾರಣೆಯಲ್ಲಿ ಹೇಳಿದರು. ಅಷ್ಟು ದುಡ್ಡಿಗೆ ಒಂದು ಊರಿನ ಜನರನ್ನು ಎದುರುಬದುರು ನಿಲ್ಲಿಸಬಹುದು ಅನ್ನುವುದೇ ನನಗೆ ಭಯ ಹುಟ್ಟಿಸುತ್ತದೆ.

ಆ ಸಂಸ್ಥೆಗೆ ದುಡ್ಡು ಸುರಿದದ್ದು ಯೆವ್ಗೇನಿ ಪ್ರಿಗೋಜಿನ್, ರಷ್ಯಾದ ಅಧ್ಯಕ್ಷ ಪುಟಿನ್‌ಗೆ ಬಹಳ ಹತ್ತಿರವಿದ್ದ ವ್ಯಾಪಾರಿ. ವರ್ಷಗಟ್ಟಲೆ ಅಲ್ಲಗಳೆದ. ಕೊನೆಗೆ 2022ರ ನವೆಂಬರ್‌ನಲ್ಲಿ, ಹೌದು, ಅಮೆರಿಕದ ಚುನಾವಣೆಗಳಲ್ಲಿ ಕೈಯಾಡಿಸಿದ್ದೇವೆ, ಮುಂದೆಯೂ ಆಡಿಸುತ್ತೇವೆ ಎಂದು ತಾನೇ ಹೇಳಿದ. ಹಾಗಾಗಿ ಇದು ಯಾರೋ ಕಟ್ಟಿದ ಕಥೆ ಅನ್ನುವ ವಾದ ಈಗ ನಿಲ್ಲುವುದಿಲ್ಲ.

ನನಗೆ ಇದರಲ್ಲಿ ತುಂಬಾ ನೋವು ಕೊಡುವುದು ಬೇರೆ. ಈ ಪೇಜ್‌ಗಳಲ್ಲಿ ಬಂದದ್ದೆಲ್ಲ ಸುಳ್ಳಾಗಿರಲಿಲ್ಲ. 'ಬ್ಲ್ಯಾಕ್ಟಿವಿಸ್ಟ್' ಅನ್ನುವ ಅವರ ಪೇಜ್ ನೋಡಿ. ಪೊಲೀಸರ ಕೈಯಲ್ಲಿ ಕಪ್ಪು ಜನ ಸಾಯುತ್ತಿದ್ದದ್ದು ನಿಜ. ತಾಯಂದಿರ ಅಳು ನಿಜ, ಸಿಟ್ಟೂ ನಿಜ. ಆ ಸಿಟ್ಟನ್ನೇ ಎತ್ತಿಕೊಂಡು ಇವರು ಪೇಜ್ ಬೆಳೆಸಿದರು. ಅದಕ್ಕೆ 3.6 ಲಕ್ಷ ಲೈಕ್ ಬಂದಿತ್ತು. 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಚಳವಳಿಯ ಅಧಿಕೃತ ಪೇಜ್‌ಗಿಂತಲೂ ಜಾಸ್ತಿ! 2016ರ ಅಧ್ಯಕ್ಷ ಚುನಾವಣೆ ಹತ್ತಿರ ಬಂದಾಗ ಇಂಥದ್ದೇ ಇನ್ನೊಂದು ಅಕೌಂಟ್, ವೋಟ್ ಹಾಕುವುದಕ್ಕಿಂತ ಮನೆಯಲ್ಲಿರುವುದೇ ಮೇಲು ಎಂದು ಕಪ್ಪು ಜನರಿಗೆ ಹೇಳತೊಡಗಿತು. ಅವರ ಅಜ್ಜ ಅಜ್ಜಿಯರು ಏಟು ತಿಂದು, ಜೈಲಿಗೆ ಹೋಗಿ ಗಳಿಸಿದ ವೋಟು ಅದು. ಇವರು ಎಲ್ಲರಿಗಿಂತ ಹೆಚ್ಚಾಗಿ ಗುರಿಯಿಟ್ಟದ್ದು ಕಪ್ಪು ಅಮೆರಿಕನ್ನರಿಗೇ ಎಂದು ಸೆನೆಟ್ ಸಮಿತಿಯ ವರದಿಯೂ ಹೇಳುತ್ತದೆ.

ಇದು ಫೇಸ್‌ಬುಕ್ ಬಂದಮೇಲೆ ಹುಟ್ಟಿದ ಚಾಳಿಯೂ ಅಲ್ಲ. 1983ರ ಜುಲೈನಲ್ಲಿ ನಮ್ಮ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಒಂದು ಹೆಸರಿಲ್ಲದ ಪತ್ರ ಅಚ್ಚಾಯಿತು. ಬರೆದವರು ಅಮೆರಿಕದ ಹೆಸರಾಂತ ವಿಜ್ಞಾನಿಯಂತೆ. ಏಡ್ಸ್ ರೋಗವನ್ನು ಅಮೆರಿಕದ ಸೇನೆಯೇ ಲ್ಯಾಬ್‌ನಲ್ಲಿ ತಯಾರಿಸಿತಂತೆ. 1985ರಲ್ಲಿ ಮಾಸ್ಕೋದ ಪತ್ರಿಕೆ ಅದೇ ಕಥೆಯನ್ನು ಭಾರತದ ಪತ್ರಿಕೆಯ ಹೆಸರು ಹೇಳಿ ಮತ್ತೆ ಛಾಪಿಸಿತು. ಆಮೇಲೆ ಅದು ಹತ್ತಾರು ದೇಶ ಸುತ್ತಿತು. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಮಾಡಿದ ಕೆಲಸ ಅದು. ನಮ್ಮ ರಾಜಧಾನಿ ಬರೀ ಅಂಚೆ ವಿಳಾಸವಾಗಿ ಬಳಕೆಯಾಯಿತು.

ಆ ಕಥೆಯನ್ನು ಅಮೆರಿಕದ ಎಷ್ಟೋ ಕಪ್ಪು ಜನ ನಂಬಿದರು. ಯಾಕೆ ನಂಬಬಾರದು? ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅವರದ್ದೇ ಸರ್ಕಾರ, ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ, ರೋಗ ಏನು ಮಾಡುತ್ತದೆ ಎಂದು ಸುಮ್ಮನೆ ನೋಡುತ್ತಾ ಕೂತಿತ್ತು. ಅದು ಸುಳ್ಳಲ್ಲ, ದಾಖಲೆಯಲ್ಲಿದೆ. ಅಷ್ಟಾದ ಮೇಲೆ ಸುಳ್ಳು ಹೇಳುವವನಿಗೆ ಹೆಚ್ಚು ಕಷ್ಟಪಡುವ ಅಗತ್ಯವೇ ಇರಲಿಲ್ಲ. ಜನರನ್ನು ದಡ್ಡರು ಎಂದು ಬೈಯುವವರಿಗೆ ನಾನು ಈ ಟಸ್ಕೀಗಿಯ ಕಥೆ ಹೇಳುತ್ತೇನೆ.

ರಷ್ಯಾದ ಈ ಆಟದಿಂದ 2016ರ ಚುನಾವಣೆಯ ಫಲಿತಾಂಶ ಬದಲಾಯಿತಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 2016ರ ಟ್ವಿಟರ್ ಬಗ್ಗೆ 2023ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ರಷ್ಯಾದ ಈ ಪೋಸ್ಟ್‌ಗಳಲ್ಲಿ ಹೆಚ್ಚಿನ ಪಾಲು ತಲುಪಿದ್ದು ಕೆಲವೇ ಜನರಿಗೆ. ಅದನ್ನು ನೋಡಿ ಜನ ವೋಟು ಬದಲಿಸಿದರು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ವೋಟು ಬದಲಾಗಲಿಲ್ಲ ಅಂದಮಾತ್ರಕ್ಕೆ ಹ್ಯೂಸ್ಟನ್‌ನ ರಸ್ತೆಯಲ್ಲಿ ಆದದ್ದು ಆಗಿಲ್ಲ ಅಂತಲ್ಲ ಅಲ್ವಾ? ಇನ್ನೊಂದು ಮಾತೂ ಇದೆ. ಇಂಥದ್ದು ಬಯಲಾದ ಮೇಲೆ, ನಿಜವಾಗಿ ನೊಂದು ಬೀದಿಗಿಳಿದವರನ್ನೂ 'ಇವರೂ ಯಾರದ್ದೋ ಏಜೆಂಟರು' ಎಂದು ತಳ್ಳಿಹಾಕುವುದು ಸುಲಭವಾಗುತ್ತದೆ.

ರಷ್ಯಾ ಒಂದೇ ಹೀಗೆ ಮಾಡುತ್ತದೆ ಎಂದು ಯಾರೂ ಸಮಾಧಾನಪಟ್ಟುಕೊಳ್ಳುವುದು ಬೇಡ. ಕೊರೊನಾ ಕಾಲದಲ್ಲಿ ಅಮೆರಿಕದ ಸೇನೆ ಫಿಲಿಪ್ಪೀನ್ಸ್ ಜನರ ಹಾಗೆ ವೇಷ ಹಾಕಿದ ನೂರಾರು ಫೇಕ್ ಅಕೌಂಟ್ ನಡೆಸಿತು. ಚೀನಾದ ಲಸಿಕೆ ನಂಬಬೇಡಿ ಎಂದು ಹಬ್ಬಿಸಿತು. ಸುದ್ದಿಸಂಸ್ಥೆ ರಾಯಿಟರ್ಸ್ ಇದನ್ನು 2024ರ ಜೂನ್‌ನಲ್ಲಿ ಬಯಲು ಮಾಡಿತು. ಆ ದೇಶದಲ್ಲಿ ಮೊದಲೇ ಲಸಿಕೆ ಅಂದರೆ ಹೆದರಿಕೆ. 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗೀ ಲಸಿಕೆ ಹಾಕಿದ ಮೇಲೆ, ಮೊದಲು ಡೆಂಗೀ ಬರದವರಿಗೆ ಇದರಿಂದ ಅಪಾಯ ಜಾಸ್ತಿ ಆಗಬಹುದು ಎಂದು 2017ರಲ್ಲಿ ಅದನ್ನು ತಯಾರಿಸಿದ ಕಂಪನಿಯೇ ಹೇಳಿತ್ತು. ಆ ಹೆದರಿಕೆ ಇರುವ ಕಡೆಯೇ, ಆಗ ಅವರ ಕೈಗೆ ಮೊದಲು ಸಿಕ್ಕಿದ್ದ ಚೀನಾದ ಕೊರೊನಾ ಲಸಿಕೆಯ ಬಗ್ಗೆಯೇ ಅನುಮಾನ ಬಿತ್ತಿದರು. ಚೀನಾದ ಹೆಸರು ಕೆಡಿಸಬೇಕಿತ್ತು, ಅದಕ್ಕೆ ಫಿಲಿಪ್ಪೀನ್ಸ್ ರಾಜಧಾನಿ ಮನಿಲಾದ ಮುದುಕರು ಅಡವಿಟ್ಟ ವಸ್ತುವಾದರು.

ನಾಳೆ ನಮ್ಮ ಸರ್ಕಾರವೇ ನೆರೆಯ ದೇಶದ ಜನರ ಮೇಲೆ ಇಂಥದ್ದನ್ನು ಮಾಡಿದರೂ ನಾನು ವಿರೋಧಿಸುತ್ತೇನೆ. ಅದಕ್ಕೆ ದೇಶದ ಹಿತ ಎಂಬ ಹೆಸರಿಟ್ಟರೂ ಅಷ್ಟೇ.