ಕೃತ್ತಿಕೆ, ಮೂರು ವಜ್ರ ಮತ್ತು ಒಂದು ಮೊಪೆಡ್

ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿ ಅಪ್ಪಚ್ಚಿ ಮಾಡುವ ಫೋಟೊ ಈ ವಾರವೂ ಬಂದಿದೆ. ನೀವೂ ನೋಡಿರುತ್ತೀರಿ. ಸದ್ದು ಜಾಸ್ತಿಯೆಂದು ಪೊಲೀಸರು ಬುಲೆಟ್ ಬೈಕಿನ ಹುಡುಗರಿಂದ ಬಿಚ್ಚಿಸಿಕೊಂಡ ಮಾಲು, ಹಿಂದೆ ಕೈಕಟ್ಟಿ ನಿಂತ ಗಂಭೀರ ಮುಖಗಳು. ಫೋಟೊ ಮುಗಿದ ಮೇಲೆ ರೋಲರ್ ಬಳ್ಳಾರಿಯ ಗುಂಡಿಗಳನ್ನು ಒಂದೊಂದಾಗಿ ತಪ್ಪಿಸಿಕೊಂಡು, ಬಂದ ದಾರಿಯಲ್ಲೇ ವಾಪಸಾಯಿತು. ಡಾಂಬರಿನ ಮುಖ ನೋಡಿ ಎಷ್ಟು ದಿನವಾಗಿತ್ತೋ ಪಾಪ, ಸೈಲೆನ್ಸರಾದರೂ ಸಿಕ್ಕಿತಲ್ಲ.

ಅದೇ ರಾತ್ರಿ ಹನ್ನೊಂದಕ್ಕೆ ನಮ್ಮ ಬಡಾವಣೆಯಲ್ಲಿ ಢಮಾರ್ ಎಂದಿತು. ಬುಲೆಟ್ ಅಲ್ಲ, ಸುಬಾರು ಇಂಪ್ರೆಝಾ ಎಂಬ ಜಪಾನೀ ಕಾರು. ಹಿಂದಿನ ಬೀದಿಯಿಂದ ಅದಕ್ಕೆ ಉತ್ತರವಾಗಿ ಇನ್ನೊಂದು ಢಮಾರ್. ಅದು ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್, ಕರೆಯುವ ಹೆಸರು ಎವೊ. ಎರಡಕ್ಕೂ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ, ಎರಡೂ ಮುನ್ನೂರು ಕುದುರೆಗಳ ಶಕ್ತಿಯ ಆಸುಪಾಸು. ಮಾಲೀಕರಿಬ್ಬರೂ ಒಂದೇ ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ತಿನ್ನುವಷ್ಟು ಆಪ್ತರು. ಇದು ಸ್ನೇಹದ ಪೈಪೋಟಿ ಸಾರ್ ಎನ್ನುತ್ತಾರೆ. ಸ್ನೇಹವೂ ಅವರದು, ಪೈಪೋಟಿಯೂ ಅವರದು. ನಮ್ಮ ಪಾಲಿಗೆ ಬಂದದ್ದು ಜಾಗರಣೆ.

ಸುಬಾರು ಎಂದರೆ ಜಪಾನೀ ಭಾಷೆಯಲ್ಲಿ ಕೃತ್ತಿಕಾ ನಕ್ಷತ್ರಪುಂಜ. ಕಾರಿನ ಮೂತಿಯ ಮೇಲೆ ಆರು ನಕ್ಷತ್ರಗಳಿವೆ, ಎಣಿಸಿ ನೋಡಿ. ಮಿತ್ಸುಬಿಷಿಯದು ಮೂರು ವಜ್ರ. ಪಂಚಾಂಗದಲ್ಲಿ ಕೃತ್ತಿಕೆ ಮಳೆ ಎಂದು ಬರೆದಿದ್ದರೂ ಆಕಾಶದ ಕಡೆ ನೋಡಿ ನಿಟ್ಟುಸಿರು ಬಿಡುವ ಊರು ನಮ್ಮದು. ಮಳೆಯ ಬದಲು ಕಾರು ಬಂತು. ಈ ಸುಬಾರು ಕಂಪನಿ ಭಾರತದಲ್ಲಿ ತನ್ನ ಹೆಸರಿನಲ್ಲಿ ಅಂಗಡಿ ತೆರೆದದ್ದೇ ಇಲ್ಲ. ಅದರ ಫಾರೆಸ್ಟರ್ ಕೂಡ ಇಲ್ಲಿಗೆ ಬಂದದ್ದು ಶೆವರ್ಲೆ ವೇಷದಲ್ಲಿ. ಹಾಗಾದರೆ ಇಂಪ್ರೆಝಾ ಹೇಗೆ ಬಂತು? ಅದಿರು ಹೇಗೆ ಹೋಯಿತು ಎಂದೇ ಕೇಳದ ಊರು ಕಾರು ಹೇಗೆ ಬಂತು ಎಂದು ಕೇಳೀತೇ?

ಲ್ಯಾನ್ಸರ್ ಮಾತ್ರ ನಮ್ಮ ಅಂಬಾಸಡರ್‌ಗೆ ನೆಂಟ. 1998ರಲ್ಲಿ ಅದನ್ನು ಇಲ್ಲಿ ತಯಾರಿಸಿ ಮಾರಲು ಶುರು ಮಾಡಿದ್ದು ಅದೇ ಹಿಂದೂಸ್ತಾನ್ ಮೋಟರ್ಸ್. ಈ ವಿಷಯ ಎತ್ತಿದರೆ ಎವೊ ಮಾಲೀಕರಿಗೆ ಸಿಟ್ಟು ಬರುತ್ತದೆ. ಆದ್ದರಿಂದ ಆಗಾಗ ಎತ್ತುತ್ತೇನೆ.

ಈ ಜಗಳಕ್ಕೆ ವಂಶಾವಳಿಯೂ ಇದೆ. 1995ರಲ್ಲಿ ಕಾಲಿನ್ ಮ್ಯಾಕ್‌ರೇ ಸುಬಾರು ಓಡಿಸಿ ಕಾರುಗಳ ವಿಶ್ವ ರ್‍ಯಾಲಿ ಗೆದ್ದರು. ಮರುವರ್ಷದಿಂದ 1999ರವರೆಗೆ ಸತತ ನಾಲ್ಕು ಸಲ ಮಿತ್ಸುಬಿಷಿಯ ಟಾಮಿ ಮ್ಯಾಕಿನೆನ್. ಢಮಾರ್ ಎಂಬ ಸದ್ದೂ ಅಲ್ಲಿಂದಲೇ ಬಂದದ್ದು. ಟರ್ಬೊ ತಿರುಗುವುದು ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ. ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅದು ನಿಧಾನಿಸುತ್ತದೆ. ನಿಧಾನಿಸದಿರಲೆಂದು ಹೊಗೆ ಕೊಳವೆಯಲ್ಲೇ ಪೆಟ್ರೋಲ್ ಉರಿಸುತ್ತಾರೆ. ಫಿನ್ಲೆಂಡಿನ ಕಾಡಿನಲ್ಲಿ ಅರೆ ಸೆಕೆಂಡು ಉಳಿಸಲು ಕಂಡುಕೊಂಡ ಉಪಾಯವನ್ನು ನಮ್ಮವರು ಹಾಲಿನ ಬೂತಿನ ಮುಂದೆ ಪ್ರಯೋಗಿಸುತ್ತಾರೆ. ಉಳಿದ ಅರೆ ಸೆಕೆಂಡನ್ನು ಏನು ಮಾಡುತ್ತಾರೋ ತಿಳಿಯದು.

ನನಗೆ ತುಂಬಾ ಹಿಡಿಸಿದ್ದು 280ರ ಕಥೆ. 2004ರವರೆಗೆ ಜಪಾನಿನ ಕಂಪನಿಗಳು ತಮ್ಮತಮ್ಮಲ್ಲೇ ಒಂದು ಮರ್ಯಾದೆಯ ಒಪ್ಪಂದ ಮಾಡಿಕೊಂಡಿದ್ದವು. ಯಾವ ಕಾರಿನದೂ 280 ಅಶ್ವಶಕ್ತಿಗಿಂತ ಹೆಚ್ಚು ಎಂದು ಬರೆಯಕೂಡದು. ಎಲ್ಲರೂ ನಿಷ್ಠೆಯಿಂದ 280 ಎಂದೇ ಬರೆದರು. ಬಾನೆಟ್ಟಿನ ಕೆಳಗೆ ಎಷ್ಟು ತುಂಬಿದರು ಎಂಬುದು ಬೇರೆ ಮಾತು. ಇದನ್ನು ಓದಿದಾಗ ನನಗೆ ಸಂಡೂರು ರಸ್ತೆ ಕಣ್ಣಿಗೆ ಕಟ್ಟಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕುವ ತನಕ ಆ ರಸ್ತೆಯಲ್ಲಿ ಪರ್ಮಿಟ್ಟಿನ ತೂಕ ಒಂದು, ಲಾರಿಯ ಬೆನ್ನ ಮೇಲಿನ ತೂಕ ಇನ್ನೊಂದು. ಜಪಾನಿನವರು ನಮ್ಮಿಂದ ಕಲಿತರೋ ಎಂದು ಅನುಮಾನ.

ಇನ್ನು ಬಿಸಿಲು. ಗಾಳಿ ಬಿಸಿಯಾದಷ್ಟೂ ಟರ್ಬೊ ಸೊರಗುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಇದೆ. ಬಳ್ಳಾರಿಯ ಮೇ ತಿಂಗಳಿನಲ್ಲಿ ಅದಕ್ಕೇ ಸೆಕೆ. ಇಂಪ್ರೆಝಾದಲ್ಲಿ ಒಂದು ಗುಂಡಿ ಒತ್ತಿದರೆ ಇಂಟರ್‌ಕೂಲರಿನ ಮೇಲೆ ನೀರು ಚಿಮುಕುತ್ತದೆ. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಬೀದಿಯಲ್ಲಿ ಕಾರಿಗೆ ದಿನವೂ ಸ್ನಾನ.

ಕಳೆದ ಭಾನುವಾರ ಬೆಳಿಗ್ಗೆ ಪಂದ್ಯ ನಡೆಯಿತು. ಗುರಿ ಬೈಪಾಸ್. ಆದರೆ ಬೈಪಾಸ್ ಮುಟ್ಟಲು ನಮ್ಮ ಬೀದಿಯ ಹಂಪ್ ದಾಟಬೇಕು. ನಿಯಮದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮದು ಯಾರದೋ ಮನೆಯ ತಾರಸಿಗೆ ಹಾಕಿ ಉಳಿದ ಕಾಂಕ್ರೀಟಿನಿಂದ ಎದ್ದದ್ದು. ಹಂಪ್ ಎನ್ನುವುದಕ್ಕಿಂತ ಅಡ್ಡ ಮಲಗಿದ ಕಾಂಪೌಂಡ್ ಗೋಡೆ ಎನ್ನಬಹುದು. ಎವೊ ಬಂದು ನಿಂತಿತು. ಪ್ರತಿಸ್ಪರ್ಧಿಯೇ ತನ್ನ ಕಾರಿನಿಂದ ಇಳಿದು, ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಾ ಸೂಲಗಿತ್ತಿಯ ಹಾಗೆ ಸೂಚನೆ ಕೊಡತೊಡಗಿದರು.

“ಎಡಕ್ಕೆ ತಿರುಗಿಸಿಕೊಳ್ಳಿ ಅಣ್ಣ. ಇನ್ನೂ ಓರೆಯಾಗಿ. ನಿಧಾನ, ನಿಧಾನ. ನಿಲ್ಲಿ! ಹೊಟ್ಟೆ ತಾಗುತ್ತಿದೆ.”

“ಬಂಪರ್ ಹೋಯಿತೇನಪ್ಪಾ?”

“ಇಲ್ಲ ಅಣ್ಣ, ಬಣ್ಣ ಮಾತ್ರ.”

ಮುನ್ನೂರು ಕುದುರೆಗಳು ಹೀಗೆ ಮುಕ್ಕರಿಯುತ್ತಿದ್ದಾಗ ಜೀನ್ಸ್ ಪ್ಯಾಂಟಿನ ಮೂಟೆಯನ್ನು ಕಾಲಿನ ಬಳಿ ಒಂದು, ಹಿಂದೆ ಎರಡು ಹೇರಿಕೊಂಡ ಮೊಪೆಡ್ಡೊಂದು ಕೌಲ್ ಬಜಾರ್ ಕಡೆಗೆ ಹಂಪಿನ ಮೂಲೆಯ ಸಂದಿಯಿಂದ ದಾಟಿ ಹೋಯಿತು. ಸವಾರ ತಿರುಗಿಯೂ ನೋಡಲಿಲ್ಲ.

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಆದರೆ ಅಪ್ಪಚ್ಚಿಯಾದ ಸೈಲೆನ್ಸರುಗಳಲ್ಲಿ ಒಂದು ನಮ್ಮ ಎದುರು ಮನೆಯ ಹುಡುಗನದು. ಊಟದ ಪೊಟ್ಟಣ ತಲುಪಿಸುವ ಕೆಲಸ ಅವನದು. ಹಳೆಯ ಬುಲೆಟ್ಟಿಗೆ ಸದ್ದಿನ ಕೊಳವೆ ಹಾಕಿಸಿದ್ದು ಅವನ ತಪ್ಪೇ, ಇಲ್ಲವೆನ್ನುವುದಿಲ್ಲ. ದಂಡ ಕಟ್ಟಿದ, ಸಾಲ ಮಾಡಿ ಕಂಪನಿಯ ಸೈಲೆನ್ಸರ್ ಕೊಂಡ, ಎರಡು ದಿನದ ಕೂಲಿ ಕಳೆದುಕೊಂಡ. ವಾಹನವನ್ನು ಮನಬಂದಂತೆ ಮಾರ್ಪಡಿಸಕೂಡದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಬುಲೆಟ್ಟಿಗೆ ಮಾತ್ರ ಎಂದು ಬರೆದಿಲ್ಲ. ರೋಲರಿನ ಹಿಂದೆ ಕೈಕಟ್ಟಿ ನಿಂತಿದ್ದ ಮುಖವೊಂದನ್ನು ನಾನು ಭಾನುವಾರ ಮತ್ತೆ ನೋಡಿದೆ. ಇಂಪ್ರೆಝಾದ ಬಾನೆಟ್ಟಿಗೆ ಒರಗಿ ಸೆಲ್ಫಿ ತೆಗೆದುಕೊಳ್ಳುತ್ತಿತ್ತು. ಆಸ್ಪತ್ರೆಯಿಂದ ಬಂದು ಹದಿನೈದು ದಿನವೂ ಆಗದ ಪಕ್ಕದ ಮನೆಯ ಅಜ್ಜಿ ಢಮಾರ್ ಎಂದಾಗಲೆಲ್ಲ ಎದೆ ಹಿಡಿದುಕೊಂಡು ಎದ್ದು ಕೂರುತ್ತಾರೆ. ಅವರಿಗೆ ಸದ್ದು ಎರಡು ಚಕ್ರದ್ದೋ ನಾಲ್ಕು ಚಕ್ರದ್ದೋ ಗೊತ್ತಾಗುವುದಿಲ್ಲ. ದೂರು ಕೊಡಿ ಎನ್ನುತ್ತೀರಿ. ಕೊಟ್ಟಾಗಿದೆ. ಯಾವ ಬುಲೆಟ್, ನಂಬರ್ ಹೇಳಿ ಎಂದು ಕೇಳಿದರು.

ಮುಂದಿನ ಭಾನುವಾರ ಮತ್ತೆ ಪಂದ್ಯವಂತೆ. ಎವೊ ಮಾಲೀಕರು ಹಂಪ್ ಮೇಲೆ ಇಡಲು ಎರಡು ಹಲಗೆ ಮಾಡಿಸಿದ್ದಾರೆ. ಹಲಗೆ ಹೊತ್ತು ತಂದದ್ದು ಅದೇ ಮೊಪೆಡ್.