ದೊಡ್ಡಪ್ಪನ ಗಂಟಲಿಗೆ ಬಂದ ಬೆಲೆ

ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದವರ ಉತ್ತರ ನಿನ್ನೆ ಬಂತು. ನಾನು ಕಳಿಸಿದ್ದ ಸ್ಯಾಂಪಲ್ಲಿಗೆ ಅವರು ಬರೆದದ್ದು ಇಷ್ಟೇ: ‘ಹಿಂದುಗಡೆ ಕ್ಯಾಕರಿಸಿದವರು ಯಾರು? ಅವರ ನಂಬರ್ ಕಳಿಸಿ.’ ನನ್ನ ಧ್ವನಿ ಹೇಗಿದೆ, ಭಾವ ಬಂದಿದೆಯೋ ಇಲ್ಲವೋ? ಊಹುಂ, ಚಕಾರವಿಲ್ಲ.

ಹೊಟ್ಟೆ ಉರಿಯದೆ ಇದ್ದೀತೇ? 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿ ಬಾರದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ, ಚಿತ್ರರಂಗದವರು ಡಬ್ಬಿಂಗಿಗೆ ಅಡ್ಡಿ ಮಾಡುವಂತಿಲ್ಲ ಎಂದು ಆದೇಶ ಕೊಟ್ಟ ಮೇಲೆ ಪರಭಾಷೆಯ ಸಿನಿಮಾ, ಸೀರಿಯಲ್ಲುಗಳೆಲ್ಲ ಒಂದೊಂದಾಗಿ ಕನ್ನಡ ಮಾತಾಡತೊಡಗಿದವು. ನಾವೋ ಶಿರಸಿ ಸೀಮೆಯವರು, ಅಕಾರ ಹಕಾರದಲ್ಲಿ ಎಡವದ ಮಂದಿ ಎಂಬ ಜಂಬ ಬೇರೆ. ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಿಯೇಬಿಟ್ಟೆ.

ಕ್ಲಾಸಿನ ಮೇಡಂ ಮೊದಲು ಹೆದರಿಸಿದರು. ಗಂಡಸರು ಮಾತಾಡುವಾಗ ಧ್ವನಿಪಟಲಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕಂಪಿಸುತ್ತವಂತೆ. ಕ್ಯಾಕರಿಸಿದರೆ ಒಂದಕ್ಕೊಂದು ಅಪ್ಪಳಿಸಿ ಏಟು ತಿನ್ನುತ್ತವೆ. ಕಿರಿಕಿರಿಯಾದರೆ ಒಂದು ಗುಟುಕು ನೀರು ನುಂಗಿ ಸುಮ್ಮನಿರಬೇಕು. ಗಂಟಲು ಕಟ್ಟಿದಾಗ ಪಿಸುಗುಟ್ಟುವುದೂ ಬೇಡ, ಅದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದು ವಾಸಿ. ಇನ್ನು ಕುಡಿದ ನೀರು ಧ್ವನಿಪಟಲವನ್ನು ಮುಟ್ಟುವುದೇ ಇಲ್ಲ, ಅನ್ನನಾಳದಲ್ಲಿ ಇಳಿದು ಹೋಗುತ್ತದೆ. ಮೈಗೆಲ್ಲ ಹಿಡಿದು ಆಮೇಲೆ ಗಂಟಲಿಗೆ ಅದರ ತೇವ ಸಿಗಬೇಕು. ಹಾಗಾಗಿ ರೆಕಾರ್ಡಿಂಗಿಗೆ ತಾಸುಗಟ್ಟಲೆ ಮೊದಲಿಂದಲೇ ಕುಡಿಯುತ್ತಿರಬೇಕು. ಕುಡಿದೆ. ನಾಯಕ ಪ್ರೇಮ ನಿವೇದನೆಯ ನಡುವೆ ಹಿತ್ತಲಿಗೆ ಓಡುವಂತಾಯಿತು. ತುಟಿ ಅದುರಿಸುತ್ತ ‘ಬುರ್ರ್’ ಎನ್ನುವ ವ್ಯಾಯಾಮ ಮಾಡಿದರೆ ಕೊಟ್ಟಿಗೆಯಿಂದ ದನ ಓಗೊಡುತ್ತದೆ.

ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದರೊಳಗೆ ಮುಖವಿಟ್ಟು, ಮೇಲೆ ಕಂಬಳಿ ಹೊದ್ದರೆ ಅದೇ ನನ್ನ ಸ್ಟುಡಿಯೋ. ಹಂಚಿನ ಮೇಲೆ ಮಳೆ ಬಿದ್ದರೆ ಕೆಲಸವಿಲ್ಲ. ಮಳೆ ನಿಂತರೆ ಕಪ್ಪೆ. ಕಪ್ಪೆ ನಿಂತರೆ ಪಕ್ಕದ ಮನೆಯ ಮಿಕ್ಸಿ. ಇವೆಲ್ಲ ಒಂದಲ್ಲ ಒಂದು ಹೊತ್ತಿಗೆ ನಿಲ್ಲುತ್ತವೆ. ನಿಲ್ಲದ್ದು ದೊಡ್ಡಪ್ಪ.

ದೊಡ್ಡಪ್ಪ ಕ್ಯಾಕರಿಸದೆ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. ಎಲೆಯಡಿಕೆಯ ಕವಳಕ್ಕೆ ಮೊದಲೊಂದು, ಉಗುಳಿದ ಮೇಲೊಂದು. ಜಗುಲಿಗೆ ಬಂದವರು ಬೇಡದವರಾದರೆ ಒಂದು ಗಿಡ್ಡನೆಯದು. ಅಡಿಕೆ ರೇಟು ಇಳಿದ ಸುದ್ದಿ ಓದಿದಾಗ ಉದ್ದನೆಯದು. ಚಾ ಬೇಕಾದಾಗಿನದು ಮೇಲೇರಿ ಕೊನೆಯಲ್ಲಿ ಪ್ರಶ್ನೆಯಂತೆ ನಿಲ್ಲುತ್ತದೆ, ದೊಡ್ಡಾಯಿ ಅದನ್ನು ಕೇಳಿಯೇ ಒಲೆ ಹೊತ್ತಿಸುವುದು. ತಾಳಮದ್ದಲೆಯಲ್ಲಿ ಕೌರವನ ಅರ್ಥ ಹೇಳುವಾಗಲೂ ಅಷ್ಟೇ, ಪೀಠಿಕೆಗೆ ಮೊದಲು ಒಂದು ಬರಲೇಬೇಕು. ರಾತ್ರಿಯಿಡೀ ಕೂಗಿ, ನಡುವೆ ತಣ್ಣನೆ ಮಜ್ಜಿಗೆ ಕುಡಿದು, ಬೆಳಿಗ್ಗೆ ತೋಟದ ಆ ತುದಿಗೆ ಕೇಳುವಂತೆ ಆಳನ್ನು ಕರೆಯುತ್ತಾರೆ. ಬಿಸಿನೀರು, ಜೇಷ್ಠಮಧು, ಹಬೆ ಅಂತ ಸೇವೆ ಮಾಡಿಸಿಕೊಂಡ ನನ್ನ ಗಂಟಲು ಸಂಜೆಗೆ ಮುಚ್ಚಿ ಕೂರುತ್ತದೆ. ನ್ಯಾಯ ಎಲ್ಲಿದೆ?

ಸ್ಯಾಂಪಲ್ ದಿನ ಆದದ್ದೂ ಇದೇ. ‘ನಿನಗೋಸ್ಕರ ನಾನು ಎಷ್ಟು ಜನ್ಮ ಬೇಕಾದರೂ ಕಾಯುತ್ತೇನೆ’ ಎಂದು ಉಸಿರು ಬಿಗಿಹಿಡಿದು ಮುಗಿಸಿದೆನೋ ಇಲ್ಲವೋ, ಕೆಳಗಿಂದ ‘ಖ್‌ಹ್ರ್ರ್‌ಹ್ಹಾಂ!’ ಅದೂ ಚಾ ಬೇಕಾದಾಗಿನದು. ಇನ್ನೊಮ್ಮೆ ಹೇಳೋಣವೆಂದರೆ ಕರೆಂಟು ಹೋಯಿತು, ಬೆನ್ನಿಗೇ ಟವರೂ ಸತ್ತಿತು. ಕಳಿಸಲು ಅಂದೇ ಕೊನೆಯ ದಿನ. ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಇದ್ದದ್ದನ್ನೇ ಕಳಿಸಿದೆ.

ವಿಷಯ ತಿಳಿದ ದೊಡ್ಡಪ್ಪ ನಕ್ಕರು. “ಯನ್ನ ಕ್ಯಾಕರಿಕೆಗೂ ದುಡ್ಡು ಕೊಡ್ತ್ವಡ?” ಇವತ್ತು ಇಸ್ತ್ರಿ ಅಂಗಿ ತೊಟ್ಟು ಮೆತ್ತಿಗೆ ಬಂದರು. ಧ್ವನಿಗೆ ಅಂಗಿ ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ಮೈಕಿನಿಂದ ಒಂದು ಗೇಣು ದೂರ ಕೂರಿಸಿ, ಕಂಬಳಿ ಹೊದಿಸಿ, ಸನ್ನೆ ಮಾಡಿದೆ. ಮೌನ. ಮತ್ತೆ ಸನ್ನೆ. ಬಾಯಿ ತೆರೆದರು, ಎದೆ ಉಬ್ಬಿತು, ಹೊರಟದ್ದು ಬರೀ ಗಾಳಿ. “ಬತ್ತಿಲ್ಲೆ ಮಾರಾಯ!” ಕವಳ ಹಾಕಿಸಿದೆ, ಬರಲಿಲ್ಲ. ಅಡಿಕೆ ರೇಟು ಓದಿ ಹೇಳಿದೆ, ಹಾಳಾದ್ದು ಇವತ್ತೇ ಏರಿತ್ತು. ಸೋತು ರೆಕಾರ್ಡಿಂಗ್ ನಿಲ್ಲಿಸಿದ್ದೇ ತಡ, ಮೆಟ್ಟಿಲು ಇಳಿಯುತ್ತ ಹಂಚು ಹಾರುವಂಥದ್ದೊಂದು ಹಾಕಿದರು.

ಆ ಗಂಟಲು ಪಳಗಿದ್ದು ಯಾವ ಕ್ಲಾಸಿನಲ್ಲೂ ಅಲ್ಲ. ಫೋನಿಲ್ಲದ ಕಾಲಕ್ಕೆ ಗುಡ್ಡದ ಆಚೆ ಮನೆಯವರನ್ನು ಕರೆಯಲು ಇವರು ಅಂಗಳದಲ್ಲಿ ನಿಂತು ‘ಕೂ’ ಎನ್ನುತ್ತಿದ್ದರು, ಅವರೂ ಅಲ್ಲಿಂದ ‘ಕೂ’ ಎನ್ನುತ್ತಿದ್ದರು. ಆಚೆ ಮನೆಗೆ ಈಗ ಬೀಗ; ಮಕ್ಕಳು ಬೆಂಗಳೂರಲ್ಲಿ.

ನಾಳೆ ಮತ್ತೆ ಪ್ರಯತ್ನ ಮಾಡಬೇಕಂತೆ. ಅಲ್ಲಿಯವರೆಗೆ ಗಂಟಲು ಕೆಡಬಾರದೆಂದು ನನ್ನ ಮೇಡಂ ಹೇಳಿದ ಪಥ್ಯವನ್ನೆಲ್ಲ ಬರೆಸಿಕೊಂಡು ದೊಡ್ಡಪ್ಪ ಮೌನ ಹಿಡಿದಿದ್ದಾರೆ. ಚಾ ಬೇಕಾದರೂ ಕೈಸನ್ನೆ, ಅದು ಬೆನ್ನು ತಿರುಗಿಸಿದ ದೊಡ್ಡಾಯಿಗೆ ಕಾಣುವುದಿಲ್ಲ. ದೊಡ್ಡಾಯಿ ಒಳಗೆ ಆರಾಮಾಗಿ ಹಲಸಿನ ಹಪ್ಪಳ ಕರಿಯುತ್ತ ಕೇಳಿದರು: “ತಮಾ, ಈ ಕ್ಲಾಸು ವರ್ಷವಿಡೀ ಇರ್ತಡ?”